ವರ್ಷದ ಶುಲ್ಕ ಕಟ್ಟುವ 'ಕಾನ್ಸಿಯರ್ಜ್' ಡಾಕ್ಟರು: ಕಾಸರಗೋಡಿನ ಒಳನಾಡಿನವರಿಗೆ ಪ್ರಯೋಜನ ಉಂಟಾ?

ಪೆರಡಾಲ ಕಡೆಯವ:
ಮಂಗಳೂರಿನ ಒಂದು ಕ್ಲಿನಿಕ್‌ನವರು ವರ್ಷಕ್ಕೆ 36,000 ರೂಪಾಯಿ ಕಟ್ಟಿದರೆ ನಿಗದಿಯಾದ ಒಬ್ಬರೇ ಡಾಕ್ಟರು, ಯಾವ ಹೊತ್ತಿಗೂ ಫೋನು, ಕಾಯದೆ ಭೇಟಿ, ತಿಂಗಳಿಗೊಮ್ಮೆ ವಿಡಿಯೋ ಎನ್ನುತ್ತಾರೆ. ರೋಗಿಗೆ 74 ವರ್ಷ. ಶುಗರ್, ಬಿಪಿ, ಮಂಡಿನೋವು. ಮನೆ ಬದಿಯಡ್ಕದಿಂದಲೂ ಒಳಗೆ, ಮಕ್ಕಳು ಗಲ್ಫಿನಲ್ಲಿ. ಇದಿದ್ದರೆ ಇನ್ಶೂರೆನ್ಸ್ ಬೇಡವೇ? ಸೇರುವ ಮೊದಲು ಏನೆಲ್ಲ ಕೇಳಬೇಕು? ಇಂಥದ್ದು ಹೆಚ್ಚಾದರೆ ದುಡ್ಡು ಕಟ್ಟಲಾಗದವರ ಗತಿಯೇನು?

ಶಿರಿಯ ಹೊಳೆ:
ಇನ್ಶೂರೆನ್ಸ್ ಬೇಕೇ ಬೇಕು. ಈ ಹಣ ಡಾಕ್ಟರರ ಸಮಯಕ್ಕೆ ಮಾತ್ರ. ಸಾಮಾನ್ಯವಾಗಿ ರಕ್ತಪರೀಕ್ಷೆ, ಮಾತ್ರೆ, ಸ್ಕ್ಯಾನ್, ತಜ್ಞರ ಫೀಸು, ಅಡ್ಮಿಶನ್ ಎಲ್ಲ ಬೇರೆ.

ಶುಗರ್, ಬಿಪಿ ಹತೋಟಿಯಲ್ಲಿದ್ದರೆ 3ರಿಂದ 6 ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ), ವರ್ಷಕ್ಕೊಮ್ಮೆ ಕಿಡ್ನಿ ನೋಡಲು ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್, ಕೊಲೆಸ್ಟರಾಲ್, ಕಣ್ಣಿನ ರೆಟಿನಾ ಮತ್ತು ಪಾದದ ತಪಾಸಣೆ ಸಾಕು. ಅಂದರೆ ಹೆಚ್ಚೆಂದರೆ ನಾಲ್ಕು ಭೇಟಿ. ಒಂದೊಂದಕ್ಕೆ 9,000 ಬಿತ್ತು. ದುಬಾರಿಯೇ.

ಆದರೆ ಮೂರು ತಜ್ಞರು ಬರೆದ ಮೂರು ಚೀಟಿ, ಹತ್ತು ಹನ್ನೆರಡು ಮಾತ್ರೆ ಇದ್ದರೆ ಮಾತು ಬೇರೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಬಿಪಿ ಏರಿಸುತ್ತದೆ. ಜೊತೆಗೆ ಬಿಪಿಯ ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೋಗಿಸುವ ಮಾತ್ರೆಯೂ ಇದ್ದರೆ ಕಿಡ್ನಿಗೆ ನೇರ ಪೆಟ್ಟು. ಮೂರು ನಿಮಿಷದ ಓಪಿಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಅರ್ಧ ಗಂಟೆ ಕೂತು ಎಲ್ಲ ಚೀಟಿ ಹರಡಿ ನೋಡುವವರಿಗೆ ಬೀಳುತ್ತದೆ. ಈ ಪದ್ಧತಿಯ ನಿಜವಾದ ಲಾಭ ಇದೇ.

ಕೇಳಬೇಕಾದ್ದನ್ನು ಬರವಣಿಗೆಯಲ್ಲಿ ಕೇಳಿ. ಒಬ್ಬ ಡಾಕ್ಟರಿಗೆ ಎಷ್ಟು ಸದಸ್ಯರು? ರಾತ್ರಿ 2 ಗಂಟೆಗೆ ಫೋನು ಎತ್ತುವುದು ಅವರೋ, ಕಾಲ್ ಸೆಂಟರೋ? ರಜೆಯಲ್ಲಿ ಬದಲಿ ಯಾರು? ಮನೆಭೇಟಿ ತಲಪಾಡಿಯ ರಾಜ್ಯದ ಗಡಿ ದಾಟುತ್ತದೆಯೇ, ಎಷ್ಟು ಕಿಲೋಮೀಟರ್‌ವರೆಗೆ? ನಡುವೆ ಬಿಟ್ಟರೆ ಹಣ ವಾಪಸ್ಸೇ? ಮನೆಭೇಟಿ ಇಲ್ಲವೆಂದರೆ ನಿಮ್ಮ ಊರಿಗೆ ಇದು ಬರೀ ಫೋನ್ ನಂಬರ್.

ವಿಡಿಯೋಗೆ ಅಡ್ಡಿಯಿಲ್ಲ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ನೋಂದಾಯಿತ ವೈದ್ಯರು ದೇಶದ ಯಾವ ರಾಜ್ಯದ ರೋಗಿಯನ್ನೂ ನೋಡಬಹುದು. ಆಲ್ಪ್ರಾಜೋಲಾಮ್‌ನಂಥ ನಿದ್ದೆಮಾತ್ರೆಯನ್ನು ಮಾತ್ರ ವಿಡಿಯೋದಲ್ಲಿ ಬರೆದುಕೊಡುವಂತಿಲ್ಲ. ತಕರಾರು ಬಂದರೆ 2019ರ ಗ್ರಾಹಕ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಂಗಳೂರಿಗೆ ಅಲೆಯಬೇಕಿಲ್ಲ. ರಶೀದಿ, ಒಪ್ಪಂದ ಎತ್ತಿಡಿ.

ಚಂದ್ರಗಿರಿ ಆಚೆ:
ಕೊನೆಯ ಪ್ರಶ್ನೆಗೆ, ದುಡ್ಡು ಕಟ್ಟಲಾಗದವರ ಗತಿಯ ಬಗ್ಗೆ. ಈ ಶುಲ್ಕದ ಪದ್ಧತಿ 1996ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಎಂಡಿ ಸ್ಕ್ವೇರ್ಡ್ ಎಂಬ ಕ್ಲಿನಿಕ್‌ನಿಂದ ಶುರುವಾಯಿತು. 2000ದಲ್ಲಿ ಬಂದ ಇಂಥದ್ದೇ ಕಂಪನಿ ಎಂಡಿವಿಐಪಿ ಒಬ್ಬ ಡಾಕ್ಟರಿಗೆ ಗರಿಷ್ಠ 600 ರೋಗಿಗಳೆಂದು ಮಿತಿ ಹಾಕಿತು. ಅಲ್ಲಿನ ಸಾಮಾನ್ಯ ಕುಟುಂಬ ವೈದ್ಯರ ಪಟ್ಟಿಯಲ್ಲಿ 2,000ಕ್ಕೂ ಮಿಕ್ಕಿ ಜನ. ಹಾಗಾಗಿ ಒಬ್ಬರು ಪದ್ಧತಿ ಬದಲಿಸಿದರೆ 1,400 ಮಂದಿ ಬೇರೆ ಬಾಗಿಲು ತಟ್ಟಬೇಕು, ಅಲ್ಲಿನ ಸಾಲು ಉದ್ದವಾಗುತ್ತದೆ. ಡಾಕ್ಟರರನ್ನೇ ದೂರಲಾರೆ. ಇನ್ಶೂರೆನ್ಸ್ ಕಾಗದಪತ್ರದಲ್ಲಿ ದಿನ ಮುಗಿದು ರೋಗಿಯ ಮುಖ ನೋಡಲು ಸಮಯ ಸಿಗದೆ ಆ ದಾರಿ ಹಿಡಿದವರು ಬಹಳ. ಆದರೂ ಡಾಕ್ಟರರ ಸಂಖ್ಯೆ ಹೆಚ್ಚದೆ ಒಬ್ಬರಿಗೆ ಸಿಕ್ಕ ಸಮಯ ಇನ್ನೊಬ್ಬರದ್ದೇ.

ನಮಗೆ ಇದು ಹೆಚ್ಚು ತಟ್ಟುತ್ತದೆ. ದೊಡ್ಡ ಕಾಯಿಲೆಯೆಂದರೆ ನಾವು ಓಡುವುದು ಮಂಗಳೂರಿಗೆ. 2020ರ ಕೋವಿಡ್ ಲಾಕ್‌ಡೌನ್‌ನಲ್ಲಿ ಕರ್ನಾಟಕದವರು ಗಡಿರಸ್ತೆಗೆ ಮಣ್ಣು ಸುರಿದಾಗ ಆ ಒಂದೇ ದಾರಿಯೂ ಮುಚ್ಚಿಹೋದದ್ದು ಎಲ್ಲರಿಗೂ ಗೊತ್ತು. ಅಲ್ಲಿನ ಡಾಕ್ಟರರ ಸಮಯ ಸದಸ್ಯರಿಗೆ ಮೀಸಲಾದರೆ ಕಾಯುವವರು ಮುಳ್ಳೇರಿಯ, ಬಂದಡ್ಕ, ಎಣ್ಮಕಜೆಯಿಂದ ಬಸ್ಸು ಹತ್ತಿ ಬಂದವರು.

ಮೊಗ್ರಾಲ್ ದಂಡೆ:
36,000 ಕಟ್ಟುವ ಮೊದಲು ಪಂಚಾಯತಿನದ್ದನ್ನು ವಿಚಾರಿಸಿ. ಕೇರಳ ಸರಕಾರದ ಆರ್ದ್ರಂ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರವಾದಲ್ಲಿ ಸಂಜೆಯೂ ಓಪಿ ಉಂಟು, ಬಿಪಿ-ಶುಗರ್ ಮಾತ್ರೆ ಉಚಿತ. ಸ್ಟಾಕ್ ಮುಗಿಯುವುದು ಇದೆ, ಹಾಗಾಗಿ ಮಾತ್ರೆ ಖಾಲಿಯಾಗುವ ವಾರ ಮೊದಲೇ ಹೋಗಬೇಕು. ಹಾಸಿಗೆ ಹಿಡಿದವರಾದರೆ ಪಾಲಿಯೇಟಿವ್ (ದೀರ್ಘ ಕಾಯಿಲೆಯವರ ಆರೈಕೆಯ) ನರ್ಸ್ ಮನೆಗೇ ಬಂದು ಮೂತ್ರದ ಕ್ಯಾತಿಟರ್ ಕೊಳವೆ ಬದಲಿಸುತ್ತಾರೆ, ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಾರೆ. ಆಶಾ ಕಾರ್ಯಕರ್ತೆಯ ಮೂಲಕ ಹೆಸರು ಬರೆಸಿ. ಹಿರಿಯರಿಗೆ ಮಲಯಾಳ ಓದಲು ಬಾರದಿದ್ದರೆ ಮಾತ್ರೆಯ ಹೆಸರು, ಹೊತ್ತು, ಊಟದ ಮೊದಲೋ ನಂತರವೋ ಎಂಬುದನ್ನು ಕನ್ನಡದಲ್ಲಿ ಬರೆದು ಡಬ್ಬಕ್ಕೆ ಅಂಟಿಸಿ. ಒಂದೇ ಮಾತ್ರೆ ಎರಡು ಬ್ರಾಂಡ್ ಹೆಸರಲ್ಲಿ ಎರಡು ಸಲ ಹೊಟ್ಟೆಗೆ ಹೋಗುವ ತಪ್ಪು ಇಲ್ಲೇ ಆಗುವುದು.

ಇನ್ನೊಂದು. ಸದಸ್ಯತ್ವ ಇದ್ದರೂ ಎದೆನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ ಜೋತುಬೀಳುವುದು, ಮಾತು ತೊದಲುವುದು ಕಂಡರೆ ಮೊದಲ ಫೋನು 108ಕ್ಕೆ. ಆ ಡಾಕ್ಟರಿಗೆ ಅಲ್ಲ. ಸ್ಟ್ರೋಕ್‌ನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಲೆಕ್ಕ ಶುರುವಾಗುವುದು ರೋಗಿ ಸರಿಯಾಗಿದ್ದದ್ದು ಕೊನೆಗೆ ಕಂಡ ಹೊತ್ತಿನಿಂದ. ಆ ಸಮಯ ಚೀಟಿಯಲ್ಲಿ ಬರೆದು ಆಂಬ್ಯುಲೆನ್ಸಿನವರ ಕೈಗೆ ಕೊಡಿ, ಹಳೆಯ ಮಾತ್ರೆಗಳ ಪಟ್ಟಿಯನ್ನೂ.