ಕಡಿಮೆ ಆದಾಯದ ಮನೆಗೆ ಸಿಗುವ ಸಹಾಯ ಹುಡುಕುವುದು ಎಲ್ಲಿಂದ ಶುರು ಮಾಡಬೇಕು?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ನಮ್ಮ ಯಜಮಾನರಿಗೆ ಕೆಲಸ ಅರ್ಧಕ್ಕರ್ಧ ಕಡಿಮೆಯಾಗಿದೆ. ವಾರಕ್ಕೆ ಮೂರು ದಿನ ಕರೆದರೆ ಜಾಸ್ತಿ. ಮನೆಯಲ್ಲಿ ಐದು ಜನ, ಅದರಲ್ಲಿ ಇಬ್ಬರು ಸಣ್ಣ ಮಕ್ಕಳು, ಅತ್ತೆಗೆ ದಿನಾ ಔಷಧಿ. ಬಾಡಿಗೆ ಕಟ್ಟಿದರೆ ಕರೆಂಟ್ ಬಿಲ್ಲಿಗೆ ಉಳಿಯುವುದಿಲ್ಲ. ನಮ್ಮಂಥವರಿಗೆ ಸಹಾಯ ಇದೆ ಎಂದು ಎಲ್ಲರೂ ಹೇಳುತ್ತಾರೆ, ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನೆಟ್‌ನಲ್ಲಿ ಹುಡುಕಿದರೆ ಅರ್ಧ ಹಳೇ ಮಾಹಿತಿ, ಇನ್ನು ಕೆಲವು ಕಡೆ ಫಾರಂ ತುಂಬುವುದಕ್ಕೇ ದುಡ್ಡು ಕೇಳುತ್ತಾರೆ. ನಿನ್ನೆ ಮಕ್ಕಳು ಮಲಗಿದ ಮೇಲೆ ಎರಡು ಗಂಟೆ ಫೋನ್ ಹಿಡಿದು ಕೂತಿದ್ದೆ, ಒಂದು ಅರ್ಜಿಯನ್ನೂ ಹಾಕಲು ಆಗಲಿಲ್ಲ. ಗೊತ್ತಿರುವವರು ದಾರಿ ತೋರಿಸಿ.

ಹಳೇಚೀಲ:
ಅಕ್ಕ, ಯಾವ ದೇಶದಲ್ಲಿದ್ದೀರಿ ಎಂದು ಬರೆದಿಲ್ಲ, ಹಾಗಾಗಿ ಎಲ್ಲ ಕಡೆ ನಡೆಯುವ ಮಾತು ಹೇಳುತ್ತೇನೆ. ಅರ್ಜಿ ಬರೆದುಕೊಡುವ ಸಹಾಯ ಕೇಂದ್ರವೊಂದರಲ್ಲಿ ನಾನು ಕೆಲವು ವರ್ಷ ಕೂತಿದ್ದೇನೆ. ಯೋಜನೆಯ ಹೆಸರು ಹಿಡಿದು ಹುಡುಕಬೇಡಿ. ಮನೆಯಲ್ಲಿ ಯಾರ್‍ಯಾರಿದ್ದಾರೆ, ಯಾವ ಬಿಲ್ಲು ಕಟ್ಟಲು ಆಗುತ್ತಿಲ್ಲ, ಅದನ್ನು ಹಿಡಿದು ಹುಡುಕಿ. ನೀವು ಬರೆದದ್ದರಲ್ಲೇ ಸಣ್ಣ ಮಕ್ಕಳು, ವಯಸ್ಸಾದವರು, ಬಾಡಿಗೆ, ಕರೆಂಟ್, ಕೆಲಸ ಕಡಿಮೆಯಾದದ್ದು ಎಂದು ಐದು ದಾರಿ ಇವೆ ನೋಡಿ, ಇವು ಒಂದೊಂದೂ ಬೇರೆ ಬೇರೆ ಇಲಾಖೆಗೆ ಹೋಗುತ್ತವೆ, ಅದಕ್ಕೇ ಒಂದೇ ಪುಟದಲ್ಲಿ ಎಲ್ಲ ಸಿಗುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಕೇಳಬಹುದಾದ ಜಾಗ ಕೆಲವು ದೇಶಗಳಲ್ಲಿ ಇದೆ. ಅಮೆರಿಕ, ಕೆನಡಾದಲ್ಲಿ 211ಕ್ಕೆ ಫೋನ್ ಮಾಡಿದರೆ ನಿಮ್ಮ ಸುತ್ತಮುತ್ತ ಯಾವ ಸಹಾಯ ಇದೆ ಎಂದು ಒಬ್ಬರು ಕೂತು ಹೇಳುತ್ತಾರೆ. ಬ್ರಿಟನ್ನಿನಲ್ಲಿ ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆ ಇದೆ, 1939ರಿಂದ ನಡೆಯುತ್ತಿದೆ, ಸಲಹೆಗೆ ಹಣ ಕೊಡಬೇಕಿಲ್ಲ. ಭಾರತದಲ್ಲಿ 2022ರಲ್ಲಿ ಬಂದ ಮೈಸ್ಕೀಮ್ ಪೋರ್ಟಲ್ ವಯಸ್ಸು, ಆದಾಯ ಇಂಥದ್ದನ್ನು ಕೇಳಿ ನಿಮಗೆ ಹೊಂದುವ ಯೋಜನೆಗಳನ್ನು ತೋರಿಸುತ್ತದೆ. ಇಂಥದ್ದು ಯಾವುದೂ ಇಲ್ಲದಿದ್ದರೆ ಮಕ್ಕಳ ಶಾಲೆಯಲ್ಲಿ, ಅತ್ತೆಯನ್ನು ತೋರಿಸುವ ಆಸ್ಪತ್ರೆಯಲ್ಲಿ ಕೇಳಿ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸಮಾಜ ಕಾರ್ಯಕರ್ತರು ಇರುತ್ತಾರೆ, ಔಷಧಿ ಖರ್ಚಿನ ವಿಷಯ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. ಒಂದು ಸಹಾಯ ಮಂಜೂರಾದ ಕೂಡಲೇ "ಇದರ ಮೇಲೆ ಬೇರೆ ಏನು ಸಿಗುತ್ತದೆ" ಎಂದು ಕೇಳಲೇಬೇಕು. ಅಮೆರಿಕದಲ್ಲಿ ಸ್ನ್ಯಾಪ್ ಎಂಬ ಆಹಾರದ ನೆರವು ಸಿಗುವ ಮನೆಗೆ, ತಾಯಿ ಮತ್ತು ಐದು ವರ್ಷದೊಳಗಿನ ಮಕ್ಕಳಿಗಿರುವ ವಿಕ್ ಯೋಜನೆಗಾಗಿ ಮತ್ತೆ ಆದಾಯ ಪರೀಕ್ಷೆ ಮಾಡುವುದಿಲ್ಲ. ಬ್ರೆಜಿಲ್‌ನಲ್ಲಿ 2001ರಲ್ಲಿ ಒಂದೇ ನೋಂದಣಿ ಪಟ್ಟಿ ಮಾಡಿದರು, ಅದರಲ್ಲಿ ಹೆಸರಿದ್ದರೆ ಕರೆಂಟ್ ದರದ ರಿಯಾಯಿತಿಗೂ ಅದೇ ಆಧಾರ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾವೇ ಬಾಯಿ ಬಿಟ್ಟು ಕೇಳಬೇಕು.

ನೀಲಿಫೈಲು:
ಮೇಲಿನವರು ಹೇಳಿದ್ದು ಸರಿ. ನಾನು ಅರ್ಜಿ ತಿರಸ್ಕಾರವಾಗುವುದರ ಬಗ್ಗೆ ಹೇಳಬೇಕು, ಯಾಕೆಂದರೆ ಅಲ್ಲೇ ಜನ ಕೈಬಿಡುತ್ತಾರೆ. ನಮ್ಮ ಅಮ್ಮನ ಅರ್ಜಿ ವಾಪಸ್ ಬಂತು. ಅಮ್ಮ ಕಾಗದ ಮಡಚಿ ಡಬ್ಬಿಯಲ್ಲಿಟ್ಟು ಸುಮ್ನೆ ಆಗಿಬಿಟ್ಟಿದ್ದರು. ನಾನು ತೆಗೆದು ಓದಿದೆ. ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ "ಕುಟುಂಬದ ಸದಸ್ಯರು: 3" ಎಂದಿತ್ತು. ಅಮ್ಮ ಇರುವುದು ಒಬ್ಬರೇ! ಬೇರೆ ಮನೆ ಮಾಡಿಕೊಂಡಿರುವ ಅಣ್ಣ, ಅತ್ತಿಗೆಯನ್ನೂ ಸೇರಿಸಿ ಅವರ ಸಂಬಳವನ್ನೂ ಲೆಕ್ಕ ಹಾಕಿದ್ದರು. ಅಣ್ಣನ ಬಾಡಿಗೆ ಕರಾರಿನ ನಕಲು ಇಟ್ಟು ಮೇಲ್ಮನವಿ ಹಾಕಿದೆವು, ಮಂಜೂರಾಯಿತು. ಮನೆಯವರು ಎಂದರೆ ಯಾರು ಎನ್ನುವುದು ಒಂದೊಂದು ಯೋಜನೆಯಲ್ಲಿ ಒಂದೊಂದು ಥರ, ಆ ಕಾಲಂ ತುಂಬುವಾಗ ಹುಷಾರು.

ಮೇಲ್ಮನವಿಗೆ ಗಡುವು ಇರುತ್ತದೆ. ಸ್ನ್ಯಾಪ್‌ಗೆ 90 ದಿನ, ಬ್ರಿಟನ್ನಿನ ಬಹುತೇಕ ಭತ್ಯೆಗಳಿಗೆ ಒಂದು ತಿಂಗಳು. ಕಾಗದ ಬಂದ ದಿನವೇ ತಾರೀಖು ಬರೆದಿಡಿ. ಮತ್ತೆ, ಹಣ ಕೇಳುವವರಿಂದ ದೂರ ಇರಿ, ಓಟಿಪಿ ಯಾರು ಕೇಳಿದರೂ ಕೊಡಬೇಡಿ.

ಮಳೆಹನಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಕಣ್ಣು ತುಂಬಿ ಬಂತು. ಒಂದು ಸಂದೇಹ. ಯಜಮಾನರ ದುಡಿಮೆ ತಿಂಗಳಿಗೊಂದು ಥರ. ಹೋದ ವರ್ಷದ ಕಾಗದ ನೋಡಿದರೆ ನಾವು ಅನುಕೂಲಸ್ಥರ ಹಾಗೆ ಕಾಣುತ್ತೇವೆ ಅಲ್ವಾ? ಯಾವುದನ್ನು ಬರೆಯಲಿ?

ಹಳೇಚೀಲ:
ಫಾರಂನಲ್ಲಿ ಯಾವ ಅವಧಿ ಕೇಳಿದ್ದಾರೆ ಎಂದು ಮೊದಲು ನೋಡಿ. ಕೆಲವು ಯೋಜನೆಗಳು ವರ್ಷದ ಆದಾಯ ನೋಡುತ್ತವೆ, ಕೆಲವು ಈಗಿನ ತಿಂಗಳದ್ದು. ಹೋದ ವರ್ಷದ್ದನ್ನೇ ಕೇಳಿದರೆ ಅದನ್ನೇ ನಿಜ ಬರೆಯಿರಿ, ಜೊತೆಗೆ ಕೆಲಸ ಕಡಿಮೆಯಾದ ತಾರೀಖು ಹಾಕಿ ಒಂದು ಪತ್ರ ಇಡಿ, ಕೆಲಸ ಕೊಡುವವರಿಂದ ಎರಡು ಸಾಲು ಬರೆಸಿಕೊಂಡರೆ ಇನ್ನೂ ಒಳ್ಳೆಯದು. ನಾಲ್ಕು ತಿಂಗಳ ಸಂಬಳದ ಚೀಟಿ ಅಥವಾ ಬ್ಯಾಂಕ್ ಪಾಸ್‌ಬುಕ್ ನಕಲು ಕೂಡ ಸೇರಿಸಿ. ಮೊದಲು ಕರೆಂಟ್‌ನವರಿಗೆ ಫೋನ್ ಮಾಡಿ, ಸಂಪರ್ಕ ಕಡಿಯುವ ಮೊದಲೇ ಕೇಳಿದರೆ ಕಂತು ಮಾಡಿಕೊಡುವವರು ಇದ್ದಾರೆ. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ತೆಗೆದುಕೊಳ್ಳಿ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.