ಇನ್ಸೆಪ್ಷನ್: ಮೂರು ಹಂತದ ಲೆಕ್ಕ, ತೇಲಾಟ, ಬುಗುರಿ

ನಿದ್ದೆಗಣ್ಣ:
ಒಂದು ತಂಡ ಕನಸಿನೊಳಗಿನ ಕನಸಿಗೆ ಹಂತಹಂತವಾಗಿ ಇಳಿಯೋ ಸಿನಿಮಾ ಇನ್ಸೆಪ್ಷನ್ (2010) ಮೊದಲ ಒಂದು ಗಂಟೆ ತಲೆಗೆ ಹತ್ತುತ್ತೆ. ವಿಮಾನದಲ್ಲಿ ಎಲ್ಲರೂ ಮಲಗಿದ ಮೇಲೆ ಯಾರು ಯಾರ ಕನಸಲ್ಲಿದ್ದಾರೆ ಅನ್ನೋದೇ ಕೈತಪ್ಪುತ್ತೆ. ವ್ಯಾನ್ ಬೀಳೋಕೆ ಅಷ್ಟು ಹೊತ್ತು ಯಾಕೆ? ಹೋಟೆಲಲ್ಲಿ ತೇಲಾಡೋರು ಹಿಮದಲ್ಲಿ ಯಾಕೆ ತೇಲಲ್ಲ? ಕೊನೇಲಿ ನಾಯಕ ಕಾಬ್ ತಿರುಗಿಸೋ ಬುಗುರಿ ಬಿತ್ತಾ ಇಲ್ವಾ? ತಿಳಿದವರು ಹೇಳಿ.

ಕೊನೆಸೀಟು:
ಒಂದು ನಿಯಮ ಹಿಡ್ಕೊಂಡ್ರೆ ಸಾಕು: ಯಾರ ಕನಸೋ ಅವರು ಕೆಳಗಿನ ಹಂತಕ್ಕೆ ಇಳಿಯಲ್ಲ, ಅಲ್ಲೇ ಕಾವಲಿಗೆ ಉಳೀತಾರೆ. ಮೊದಲ ಹಂತ, ಮಳೆ ಸುರಿಯೋ ನಗರ, ತಂಡಕ್ಕೆ ನಿದ್ದೆ ಮದ್ದು ಕೊಡೋ ಯೂಸುಫ್‌ದು, ಅದಕ್ಕೇ ವ್ಯಾನ್ ಓಡಿಸೋನು ಅವನು. ಉಳಿದೆರಡು ತಂಡದ ಬೇರೆಯವರವು: ಹೋಟೆಲು ಆರ್ಥರ್‌ದು, ಹಿಮದ ಕೋಟೆ ಈಮ್ಸ್‌ದು. ದೃಶ್ಯ ಬದಲಾದ ಕೂಡಲೇ ಮಳೆಯೋ, ಹಳದಿ ದೀಪವೋ, ಹಿಮವೋ ನೋಡಿ. ಹಂತ ತಾನಾಗೇ ಗೊತ್ತಾಗುತ್ತೆ.

ಇನ್ನು ಸಮಯ. ಮಾಮೂಲಿ ಕನಸಲ್ಲಿ 5 ನಿಮಿಷಕ್ಕೆ ಒಂದು ಗಂಟೆ, ಅಂದ್ರೆ 12 ಪಟ್ಟು. ಯೂಸುಫ್‌ನ ಮದ್ದು ಬಿದ್ದ ಮೇಲೆ 20 ಪಟ್ಟು, ಅದೂ ಹಂತಹಂತಕ್ಕೆ ಗುಣಿಸ್ತಾ ಹೋಗಬೇಕು. ವಿಮಾನದ 10 ಗಂಟೆ ಮಳೆಯಲ್ಲಿ 200 ಗಂಟೆ, ಹೋಟೆಲಲ್ಲಿ 4,000, ಹಿಮದಲ್ಲಿ 80,000. ಕೊನೇದು ಒಂಬತ್ತು ವರ್ಷ ಚಿಲ್ಲರೆ. ಸಿನಿಮಾದಲ್ಲಿ ಹತ್ತು ಅಂತ ದುಂಡಗೆ ಹೇಳ್ತಾರೆ. ಯೂಸುಫ್ ಸೇತುವೆಯಿಂದ ವ್ಯಾನ್ ಹಾರಿಸೋಕೆ 10 ಸೆಕೆಂಡ್ ಉಳಿದಿದ್ರೆ ಆರ್ಥರ್‌ಗೆ 200 ಸೆಕೆಂಡ್, ಹಿಮದಲ್ಲಿರೋರಿಗೆ ಗಂಟೆಗೂ ಮೇಲೆ.

ವ್ಯಾನ್ ಸೇತುವೆಯ ತಡೆಗೋಡೆ ಒಡೆಯೋದು ಮೊದಲ ಕಿಕ್ (ಬೀಳಿಸಿ ಕನಸಿಂದ ಎಬ್ಬಿಸೋ ಪೆಟ್ಟು). ಅದು ತಪ್ಪಿಹೋಗುತ್ತೆ, ಮೂರನೇ ಹಂತದ ಹಿಮಕುಸಿತ ಅದರದ್ದೇ ಪೆಟ್ಟು. ನೀರಿಗೆ ಬಡಿಯೋದು ಎರಡನೇ ಕಿಕ್. ಇವೆರಡರ ನಡುವಿನ ಸೆಕೆಂಡುಗಳನ್ನೇ ಅಷ್ಟುದ್ದ ಎಳೆದಿರೋದು.

ಮಧ್ಯಂತರ:
ತೇಲಾಟದ ವಿಷಯ. ಮದ್ದು ಒಳಗಿವಿಯ ಸಮತೋಲನವನ್ನ ಕೆಡಿಸಲ್ಲ ಅಂತ ಯೂಸುಫ್ ಮೊದಲೇ ಹೇಳಿರ್ತಾನೆ, ಆರ್ಥರ್‌ನ ಕುರ್ಚಿ ಬೀಳಿಸಿ ಪರೀಕ್ಷೆನೂ ಮಾಡ್ತಾರೆ. ಹಾಗಾಗಿ ವ್ಯಾನಲ್ಲಿ ಆರ್ಥರ್‌ನ ದೇಹ ಬೀಳ್ತಿರುವಾಗ ಅವನ ಹೋಟೆಲಲ್ಲೂ ಭಾರ ಮಾಯ. ಭಾರವಿಲ್ಲದ ಕಡೆ ಬೀಳಿಸಿ ಎಬ್ಬಿಸೋಕಾಗಲ್ಲ. ಅದಕ್ಕೇ ಮಲಗಿದೋರನ್ನೆಲ್ಲ ಕಟ್ಟಿ ಲಿಫ್ಟಿಗೆ ತುಂಬಿ, ಸಿಡಿಮದ್ದಿಟ್ಟು ಲಿಫ್ಟನ್ನೇ ತಳ್ಳೋ ಉಪಾಯ. ಹೊಡೆದಾಟದ ಆ ಕಾರಿಡಾರ್ ಸುಮಾರು 100 ಅಡಿ ಉದ್ದದ ನಿಜವಾದ ಸೆಟ್, ಇಡಿಯಾಗಿ ತಿರುಗೋಂಥದ್ದು.

ಆದ್ರೆ ಇದೇ ನಿಯಮ ಹಿಡಿದ್ರೆ ಈಮ್ಸ್‌ನ ದೇಹ ಹೋಟೆಲಲ್ಲಿ ತೇಲ್ತಿರೋದ್ರಿಂದ ಹಿಮದಲ್ಲೂ ಎಲ್ಲರೂ ತೇಲಬೇಕಿತ್ತು. ಕೆಳಗಿಳಿದಷ್ಟೂ ಪರಿಣಾಮ ಕಮ್ಮಿ ಆಗುತ್ತೆ ಅಂತ ಕೆಲವರು ತೇಪೆ ಹಾಕ್ತಾರೆ. ಸಿನಿಮಾ ಎಲ್ಲೂ ಹಾಗೆ ಹೇಳಲ್ಲ. ಅದು ಕಥೆಯ ತೂತೇ, ಬಿಟ್ಟಾಕಿ.

ಸೆಂಟರ್ ಸ್ಪೀಕರ್:
ಕಥೆ ಕೈತಪ್ಪೋಕೆ ಅರ್ಧ ಕಾರಣ ಶಬ್ದ. ನಿಯಮಗಳನ್ನೆಲ್ಲ ಮಾತಲ್ಲೇ ಹೇಳ್ತಾರೆ, ಸಂಗೀತ ಅದರ ಮೇಲೇ ಕೂರುತ್ತೆ. ಸಬ್‌ಟೈಟಲ್ ಹಾಕಿ. 5.1 (ಆರು ಸ್ಪೀಕರಿನ) ಸೆಟ್ ಇದ್ರೆ ಮಾತು ಬರೋ ನಡುವಿನ ಸೆಂಟರ್ ಸ್ಪೀಕರ್ ಮಾತ್ರ 2-3 ಡೆಸಿಬೆಲ್ ಏರಿಸಿ. ಒಟ್ಟು ವಾಲ್ಯೂಮ್ ಏರಿಸಿದ್ರೆ ಹಿತ್ತಾಳೆ ವಾದ್ಯಗಳೂ ಜೊತೆಗೇ ಏರುತ್ತವೆ. ಟಿವಿಯ ಮೋಷನ್ ಸ್ಮೂಥಿಂಗ್ (ಚಲನೆಯನ್ನ ನುಣುಪಾಗಿಸೋ ಸೆಟ್ಟಿಂಗ್) ಆಫ್ ಮಾಡಿ, ಇಲ್ಲಾಂದ್ರೆ ಸ್ಲೋ ಮೋಷನ್ ದೃಶ್ಯಗಳು ಧಾರಾವಾಹಿ ಥರ ಕಾಣುತ್ತವೆ. ಎಬ್ಬಿಸೋ ಸೂಚನೆಯಾಗಿ ಬರೋ ಫ್ರೆಂಚ್ ಗಾಯಕಿ ಎಡಿತ್ ಪಿಯಾಫ್ ಹಾಡನ್ನ ಗಮನಿಸಿ: ಸಂಗೀತ ನಿರ್ದೇಶಕ ಹ್ಯಾನ್ಸ್ ಝಿಮ್ಮರ್‌ನ ಆ ಭಾರೀ ಹಿತ್ತಾಳೆ ಸದ್ದು ಅದೇ ಹಾಡನ್ನ ನಿಧಾನಿಸಿದ್ದರಿಂದ ಹುಟ್ಟಿದ್ದು. ಕೆಳಗಿರೋರ ಕಿವಿಗೆ ಹಾಡು ಹಾಗೇ ತಾನೇ ಕೇಳಬೇಕು!

ಕೊನೆಸೀಟು:
ಬುಗುರಿ ಬಿಟ್ಟೆ. ಅದು ಮೂಲತಃ ಕಾಬ್‌ನ ತೀರಿಹೋದ ಹೆಂಡತಿ ಮಾಲ್‌ಳದ್ದು, ಕಾಬ್‌ನದ್ದಲ್ಲ. ಟೋಟೆಮ್ (ಕನಸೋ ಎಚ್ಚರವೋ ತಿಳಿಯೋಕೆ ಇಟ್ಕೊಳ್ಳೋ ಬುಗುರಿಯಂಥ ವಸ್ತು; ಬುಗುರಿ ಬಿದ್ರೆ ಎಚ್ಚರ) ಹೇಳೋದು ಬೇರೆಯವರ ಕನಸಲ್ಲಿ ಇಲ್ಲ ಅಂತ ಮಾತ್ರ, ಸ್ವಂತ ಕನಸಲ್ಲಿ ಅದನ್ನ ನಂಬೋ ಹಾಗಿಲ್ಲ. ಅದಕ್ಕಿಂತ ಉಂಗುರ ನೋಡಿ: ಕನಸಲ್ಲಿ ಕಾಬ್‌ನ ಎಡಗೈಯಲ್ಲಿ ಇರುತ್ತೆ, ಎಚ್ಚರದಲ್ಲಿ ಇರಲ್ಲ. ಕೊನೇಲಿ ಕಾಬ್‌ನ ಮಕ್ಕಳು ಒಂಚೂರೂ ಬೆಳೆದಿಲ್ಲ, ಹಾಗಾಗಿ ಅದು ಕನಸೇ ಅನ್ನೋ ವಾದವೂ ನಿಲ್ಲಲ್ಲ, ಕೊನೆಯ ಹೆಸರುಪಟ್ಟಿಯಲ್ಲಿ ಮಗ ಜೇಮ್ಸ್‌ನ ಪಾತ್ರಕ್ಕೆ ಜೇಮ್ಸ್ 20 ತಿಂಗಳು, ಜೇಮ್ಸ್ 3 ವರ್ಷ ಅಂತ ಇಬ್ಬರು ಬೇರೆ ಬಾಲನಟರಿದ್ದಾರೆ.

ನಿದ್ದೆಗಣ್ಣ:
ಉಂಗುರ ಕೊನೇಲಿ ಎಲ್ಲಿ ಕಾಣುತ್ತೆ?

ಕೊನೆಸೀಟು:
ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಕೊಡೋವಾಗ ಸಿನಿಮಾ ನಿಲ್ಲಿಸಿ ನೋಡಿ. ಬೆರಳು ಖಾಲಿ.