ಬರ್ಲಿನ್‌ನಲ್ಲಿ 3 ದಿನ, ಜೊತೆಗೆ ನಿವೃತ್ತ ಬಸ್ ಡ್ರೈವರ್ ಅಪ್ಪ: ಟೂರ್ ಬಸ್ ಬೇಕಾ, ಮಾಮೂಲಿ ಬಸ್ ಸಾಕಾ?

ಬೆಣ್ಣೆದೋಸೆ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆ ಅಂತ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ. ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರಿಗೆ ಮೂರು ದಿನ ಬರ್ಲಿನ್ ತೋರಿಸೋಣ ಅಂದುಕೊಂಡಿದ್ದೇನೆ. ಹೋಟೆಲ್ ಜೂ ಸ್ಟೇಷನ್ ಹತ್ತಿರ ಬುಕ್ ಆಗಿದೆ.

ಅಪ್ಪನಿಗೆ 70. 31 ವರ್ಷ ಕೆಎಸ್‌ಆರ್‌ಟಿಸಿ ಬಸ್ ಓಡಿಸಿದವರು. ಯಾವ ಊರಿಗೆ ಹೋದರೂ ಗುಡಿಗಿಂತ ಮೊದಲು ಬಸ್ ಸ್ಟ್ಯಾಂಡ್ ನೋಡುತ್ತಾರೆ. ಅಮ್ಮನಿಗೆ ಮಂಡಿ ನೋವು. ಒಂದು ಮಹಡಿ ಹತ್ತುತ್ತಾರೆ, ಎರಡನೆಯದಕ್ಕೆ ಮುಖ ಸಣ್ಣದಾಗುತ್ತದೆ. ಮೊಟ್ಟೆ ಕೂಡ ತಿನ್ನಲ್ಲ.

ಕೇಳಬೇಕಿದ್ದು ಇಷ್ಟು. ಹತ್ತಿ ಇಳಿಯುವ ಟೂರ್ ಬಸ್ ತಗೊಳ್ಳೋದಾ ಅಥವಾ ಮಾಮೂಲಿ ಬಸ್ಸು, ಟ್ರೈನಿನಲ್ಲೇ ಊರು ನೋಡಬಹುದಾ? ಎ, ಬಿ, ಸಿ ಅಂತ ವಲಯಗಳಿವೆಯಂತೆ, ತಲೆಬುಡ ಗೊತ್ತಾಗಲಿಲ್ಲ.

ಕೊಡಚಾದ್ರಿ_ಮಂಜು:

ನಾವು ಟೂರ್ ಬಸ್ಸಿನಲ್ಲೇ ಸುತ್ತಿದ್ದು. ಕಿವಿಗೆ ಹಾಕಿಕೊಂಡರೆ ಇಂಗ್ಲಿಷ್‌ನಲ್ಲಿ ಎಲ್ಲಾ ವಿವರಿಸುತ್ತೆ. ಆದರೆ ಒಂದೊಂದು ಸ್ಟಾಪಿನಲ್ಲಿ ಅರ್ಧ ಗಂಟೆ ಕಾದೆವು. ಮಕ್ಕಳು ಅತ್ತು ರಂಪ ಮಾಡಿದವು.

ಸ್ಪ್ರೀ_ದಂಡೆ:

ಬೆಣ್ಣೆದೋಸೆಯವರೇ, ಟೂರ್ ಬಸ್ ಬೇಡ. ನಾನು ಆರು ವರ್ಷ ಬರ್ಲಿನ್‌ನಲ್ಲಿದ್ದೆ. ಮನೆಗೆ ಬಂದ ನೆಂಟರನ್ನೆಲ್ಲ ಮೊದಲ ದಿನ ಒಂದೇ ಬಸ್ಸಿಗೆ ಹತ್ತಿಸುತ್ತಿದ್ದೆ. 100 ನಂಬರಿನ ಡಬಲ್ ಡೆಕ್ಕರ್. ನಿಮ್ಮ ಅದೃಷ್ಟ, ಅದು ಹೊರಡುವುದೇ ಜೂ ಸ್ಟೇಷನ್‌ನಿಂದ.

ಈ ಬಸ್ಸಿಗೊಂದು ಕಥೆ ಇದೆ. ಪೂರ್ವ, ಪಶ್ಚಿಮ ಅಂತ ಊರನ್ನು ಎರಡು ಮಾಡಿದ್ದ ಬರ್ಲಿನ್ ಗೋಡೆ 1989ರ ನವೆಂಬರ್‌ನಲ್ಲಿ ಬಿತ್ತು. 1990ರ ನವೆಂಬರ್‌ನಲ್ಲಿ ಪಶ್ಚಿಮದ ಜೂ ಸ್ಟೇಷನ್ನಿಗೂ ಪೂರ್ವದ ಅಲೆಕ್ಸಾಂಡರ್‌ಪ್ಲಾಟ್ಜ್‌ಗೂ ನಡುವೆ ಈ ಬಸ್ಸು ಶುರುವಾಯಿತು. ಹಾಗಾಗಿ ದಾರಿಯುದ್ದಕ್ಕೂ ಎರಡೂ ಊರು ಸಿಗುತ್ತವೆ. ಬಾಂಬಿಗೆ ಸಿಕ್ಕಿ ಗೋಪುರ ಮುರಿದ ಚರ್ಚು, 67 ಮೀಟರ್ ಎತ್ತರದ ವಿಜಯಸ್ತಂಭ, ಅಧ್ಯಕ್ಷರ ಬಂಗಲೆ, ಸಂಸತ್ ಭವನ ರೈಷ್ಟಾಗ್, ಬ್ರಾಂಡೆನ್‌ಬರ್ಗ್ ಗೇಟಿನ ಹತ್ತಿರದ ಸ್ಟಾಪು, ಉಂಟರ್ ಡೆನ್ ಲಿಂಡೆನ್ ಬೀದಿ, ದೊಡ್ಡ ಕ್ಯಾಥೆಡ್ರಲ್. ಕೊನೆಗೆ 368 ಮೀಟರಿನ ಟಿವಿ ಟವರ್. ಗೇಟಿನ ಕೆಳಗೆ ಮಾತ್ರ ಬಸ್ಸು ನುಗ್ಗಲ್ಲ, ಪಕ್ಕದಿಂದ ಸುತ್ತಿಕೊಂಡು ಹೋಗುತ್ತದೆ. ಅದಕ್ಕೆ ಇಳಿದು ನಡೆಯಲೇಬೇಕು.

ಮೊದಲ ಸಲ ಎಲ್ಲೂ ಇಳಿಯಬೇಡಿ. ಕೊನೆಯವರೆಗೆ ಹೋಗಿ. ವಾಪಸ್ ಬರುವಾಗ ಬೇಕಾದ ಕಡೆ ಇಳಿಯಿರಿ. ಹೊಸ ಊರಿಗೆ ಬಂದ ತಕ್ಷಣ ಇಳಿದು ಹತ್ತಿ ಓಡಾಡಿದರೆ ಯಾವುದು ಎಲ್ಲಿದೆ ಅಂತ ತಲೆಯಲ್ಲಿ ಕೂರಲ್ಲ.

ಅಪ್ಪನಿಗೆ ಹೇಳಿ: ಈಗ ಓಡುತ್ತಿರುವ ಹೊಸ ಡಬಲ್ ಡೆಕ್ಕರ್‌ಗಳು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಡೆನ್ನಿಸ್ ಕಂಪನಿಯವು. ಮೂರು ಆಕ್ಸಲ್. ಆ ಉದ್ದದ ಗಾಡಿಯನ್ನು ತಿರುವಿನಲ್ಲಿ ತಿರುಗಿಸುವುದನ್ನು ಮೇಲಿನ ಮುಂದಿನ ಸೀಟಿನಿಂದ ನೋಡಿದರೆ ಮರ ಬಂದು ಗಾಜಿಗೇ ಬಡಿಯುತ್ತೆ ಅನ್ನಿಸುತ್ತದೆ. ಅಮ್ಮನನ್ನು ಬಸ್ಸು ನಿಂತಿರುವಾಗಲೇ ಮೇಲಕ್ಕೆ ಹತ್ತಿಸಿ. ಇಲ್ಲದಿದ್ದರೆ ಕೆಳಗೇ ಕೂರಿಸಿ.

ಇನ್ನು ಟಿಕೆಟ್. ವೃತ್ತಾಕಾರದ ಒಂದು ರೈಲು ಹಳಿ ಊರನ್ನು ಸುತ್ತಿದೆ. ಅದರ ಒಳಗಿನದು ಎ. ಅಲ್ಲಿಂದ ಊರಿನ ಗಡಿವರೆಗೆ ಬಿ. ಗಡಿಯಾಚೆ ಸಿ. ಏರ್‌ಪೋರ್ಟ್ ಮತ್ತು ಪಾಟ್ಸ್‌ಡ್ಯಾಮ್ ಸಿ ವಲಯದಲ್ಲಿವೆ. ನೀವು ಟ್ರೈನಿನಲ್ಲಿ ಬಂದು ಊರೊಳಗೇ ಇರುವವರು, ಎಬಿ ಸಾಕು. 24 ಗಂಟೆಯ ಟಿಕೆಟ್ ತಗೊಳ್ಳಿ, ಒಬ್ಬರಿಗೆ 10-11 ಯೂರೋ ಆಸುಪಾಸು. ಬಸ್ಸು, ಟ್ರಾಮ್, ಊ-ಬಾನ್ (ಮೆಟ್ರೋ), ಎಸ್-ಬಾನ್ (ಲೋಕಲ್ ರೈಲು) ಎಲ್ಲಕ್ಕೂ ಅದೇ. ಐದು ಜನರ ಗುಂಪಿನ ಟಿಕೆಟ್ಟೂ ಇದೆ. ಮೂವರಿಗೆ ಅದರಲ್ಲಿ ಲಾಭ ಇಲ್ಲ, ನಾಲ್ವರಾದರೆ ಲಾಭ.

ಒಂದು ಎಚ್ಚರಿಕೆ, ನನ್ನ ಜೇಬಿನಿಂದ ಕಲಿತದ್ದು. ಇಲ್ಲಿ ನಮ್ಮ ಮೆಟ್ರೋ ಥರ ಗೇಟು ಇಲ್ಲ. ಟಿಕೆಟ್ ತೆಗೆದುಕೊಂಡರೆ ಸಾಲದು, ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವ ಪುಟ್ಟ ಪೆಟ್ಟಿಗೆಗೆ ತೂರಿಸಿ ಮುದ್ರೆ ಹೊಡೆಸಬೇಕು. ಬಸ್ಸಿನಲ್ಲಾದರೆ ಆ ಪೆಟ್ಟಿಗೆ ಒಳಗಡೆಯೇ ಇರುತ್ತದೆ. ನಾನು ಬಂದ ಮೊದಲ ವಾರ ಟಿಕೆಟ್ಟನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟು ಕೂತಿದ್ದೆ. ಜೀನ್ಸ್ ಹಾಕಿಕೊಂಡ ಇಬ್ಬರು ಎದ್ದು ಬಂದು ಟಿಕೆಟ್ ಕೇಳಿದರು. ಹೆಮ್ಮೆಯಿಂದ ತೋರಿಸಿದೆ. ಮುದ್ರೆ ಎಲ್ಲಿ ಅಂದರು. 60 ಯೂರೋ ದಂಡ. ಟಿಕೆಟ್ ಇದೆಯಲ್ಲಾ ಅಂತ ಎಷ್ಟು ಹೇಳಿದರೂ ನಡೆಯಲಿಲ್ಲ, ತಪ್ಪು ನನ್ನದೇ. ಪಕ್ಕದ ಸೀಟಿನ ಕೆಳಗಿದ್ದ ನಾಯಿ ಕೂಡ ನನ್ನನ್ನೇ ನೋಡುತ್ತಿತ್ತು. ಬಸ್ ಡ್ರೈವರ್ ನೋಟು, ಚಿಲ್ಲರೆ ತಗೊಳ್ಳಲ್ಲ, ಮೊದಲೇ ಟಿಕೆಟ್ ಇಟ್ಟುಕೊಳ್ಳಿ.

ಎರಡನೇ ದಿನ ಗೋಡೆಗೆ ಇಡಿ. ನನ್ನ ಪ್ರಕಾರ ಬರ್ಲಿನ್ ಗೋಡೆ ಅರ್ಥವಾಗುವುದು ಮ್ಯೂಸಿಯಮ್ಮಿಗಿಂತ ಜಾಸ್ತಿ ರೈಲಿನಲ್ಲಿ. ಜೂ ಸ್ಟೇಷನ್‌ನಿಂದ ಎಸ್-ಬಾನ್ ಹಿಡಿದು ಫ್ರೀಡ್ರಿಶ್‌ಸ್ಟ್ರಾಸೆಗೆ ಬನ್ನಿ. ಈ ಹಳಿ ಪೂರ್ತಿ ಎತ್ತರದಲ್ಲಿದೆ, 1882ರದ್ದು. ಸ್ಟೇಷನ್ ಪಕ್ಕದಲ್ಲೇ ಗಾಜಿನ ಕಟ್ಟಡವೊಂದಿದೆ, ಟ್ರೇನನ್‌ಪಾಲಾಸ್ಟ್, ಅಂದರೆ ಕಣ್ಣೀರಿನ ಅರಮನೆ. ಪೂರ್ವಕ್ಕೆ ನೆಂಟರನ್ನು ನೋಡಲು ಬಂದವರು ವಾಪಸ್ ಹೋಗುವಾಗ ಗಡಿ ತಪಾಸಣೆ ಇಲ್ಲೇ. ಬೀಳ್ಕೊಡಲು ಬಂದವರು ಬಾಗಿಲಲ್ಲೇ ಉಳಿಯಬೇಕಿತ್ತು. ಪ್ರವೇಶ ಉಚಿತ, ಸೋಮವಾರ ರಜೆ.

ಅಲ್ಲಿಂದ ನೆಲದಡಿಯ ಎಸ್-ಬಾನ್‌ನಲ್ಲಿ ಎರಡನೇ ಸ್ಟೇಷನ್ನು ನಾರ್ಡ್‌ಬಾನ್‌ಹೋಫ್. ಇದೊಂದು ಭೂತದ ಸ್ಟೇಷನ್ ಆಗಿತ್ತು. ಪಶ್ಚಿಮದ ಕೆಲವು ರೈಲುಗಳು ಪೂರ್ವದ ನೆಲದ ಕೆಳಗೆ ಹಾದು ಮತ್ತೆ ಪಶ್ಚಿಮಕ್ಕೆ ಬರಬೇಕಿತ್ತು. 1961ರಲ್ಲಿ ಗೋಡೆ ಕಟ್ಟಿದಾಗಿನಿಂದ ಅವು ಮಧ್ಯದ ಸ್ಟೇಷನ್‌ಗಳಲ್ಲಿ ನಿಲ್ಲದೆ ನಿಧಾನಕ್ಕೆ ಹಾದು ಹೋಗುತ್ತಿದ್ದವು. ಮಂಕು ದೀಪ, ಕೋವಿ ಹಿಡಿದ ಕಾವಲುಗಾರರು, ಖಾಲಿ ಪ್ಲಾಟ್‌ಫಾರ್ಮು. ಸ್ಟೇಷನ್ ಒಳಗೇ ಅದರ ಫೋಟೊ ಪ್ರದರ್ಶನ ಇದೆ, ಟಿಕೆಟ್ ಇಲ್ಲ. ನಾನು ದಿನಾ ಆ ದಾರಿಯಲ್ಲಿ ಆಫೀಸಿಗೆ ಹೋಗುತ್ತಿದ್ದೆ. ಆ ಫೋಟೊಗಳನ್ನು ನೋಡಿದ ಮೇಲೆ ಮೂರು ದಿನ ಮೊಬೈಲ್ ನೋಡದೆ ಕಿಟಕಿಯನ್ನೇ ನೋಡಿದೆ.

ಮೇಲೆ ಬಂದರೆ ಬರ್ನಾವರ್ ಸ್ಟ್ರಾಸೆ. ಗೋಡೆಯ ಒಂದು ತುಂಡು ಅಲ್ಲಿ ಹಾಗೇ ನಿಂತಿದೆ. ಅಲ್ಲಿಂದ ಎಂ10 ಟ್ರಾಮ್ ಹತ್ತಿ ವಾರ್ಶಾವರ್ ಸ್ಟ್ರಾಸೆಗೆ ಹೋಗಿ. ಅಪ್ಪನಿಗೆ ಇನ್ನೊಂದು ವಿಷಯ: ಪಶ್ಚಿಮ ಬರ್ಲಿನ್ 1967ರಲ್ಲಿ ಕೊನೆಯ ಟ್ರಾಮನ್ನೂ ನಿಲ್ಲಿಸಿ ಬಸ್ಸಿಗೆ ಹೋಯಿತು. ಪೂರ್ವದವರು ಟ್ರಾಮ್ ಉಳಿಸಿಕೊಂಡರು. ಇವತ್ತಿಗೂ ರಸ್ತೆಯಲ್ಲಿ ಟ್ರಾಮ್ ಹಳಿ ಕಂಡರೆ ಹೆಚ್ಚು ಕಡಿಮೆ ಪೂರ್ವದಲ್ಲಿದ್ದೀರಿ ಅಂತ ಅರ್ಥ.

ವಾರ್ಶಾವರ್‌ನಿಂದ ಸ್ವಲ್ಪ ನಡೆದರೆ ಓಬರ್‌ಬೌಮ್ ಸೇತುವೆ, ಅದನ್ನು ದಾಟುವ ಮೊದಲೇ, ಈಚೆ ದಡದುದ್ದಕ್ಕೆ ಬಣ್ಣ ಬಳಿದ 1.3 ಕಿಲೋಮೀಟರ್ ಗೋಡೆ. ಪೂರ್ತಿ ನಡೆಯಬೇಡಿ, ಅಮ್ಮನಿಗೆ ಆಗಲ್ಲ. ನೂರು ಹೆಜ್ಜೆ ಸಾಕು. ವಾಪಸ್ ಊ1 ಹಳದಿ ರೈಲಿನಲ್ಲಿ. ಅದು ಆ ಸೇತುವೆಯ ಮೇಲೇ ನದಿ ದಾಟಿ, ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ಮನೆಗಳ ಎರಡನೇ ಮಹಡಿಯ ಎತ್ತರದಲ್ಲಿ ಓಡುತ್ತದೆ. ಬಾಲ್ಕನಿಯಲ್ಲಿ ಯಾರು ಬಟ್ಟೆ ಒಣಹಾಕಿದ್ದಾರೆ ಅಂತ ಕಾಣುತ್ತದೆ.

ಪರ್ಗಮಾನ್ ಮ್ಯೂಸಿಯಂ ಆಸೆ ಇಟ್ಟುಕೊಳ್ಳಬೇಡಿ. 2023ರ ಅಕ್ಟೋಬರ್‌ನಲ್ಲಿ ದುರಸ್ತಿಗೆ ಮುಚ್ಚಿದರು, ಕೆಲಸ ವರ್ಷಗಟ್ಟಲೆ ಇದೆ.

ಬೆಣ್ಣೆದೋಸೆ_ದಾವಣಗೆರೆ:

ಅಪ್ಪನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಕಣ್ಣೀರಿನ ಅರಮನೆ ಬಗ್ಗೆ ಏನೂ ಕೇಳಲಿಲ್ಲ. ಬಸ್ಸಿನಲ್ಲಿ ಯಾವ ಕಡೆ ಕೂತರೆ ಒಳ್ಳೆಯದು ಅಂತ ಕೇಳಿದರು! ಮೂರನೇ ದಿನಕ್ಕೆ ಏನು ಮಾಡಲಿ? ಊಟ?

ಸ್ಪ್ರೀ_ದಂಡೆ:

ಡ್ರೈವರ್ ಕೇಳುವ ಪ್ರಶ್ನೆಯೇ ಅದು. ಜೂ ಸ್ಟೇಷನ್‌ನಿಂದ ಹೊರಟರೆ ಎಡಗಡೆ. ಚರ್ಚು ಬಲಕ್ಕೆ ಬರುತ್ತದೆ, ಅದು ಶುರುವಿನಲ್ಲೇ. ಆಮೇಲೆ ಬಂಗಲೆ, ರೈಷ್ಟಾಗ್, ವಿಶ್ವವಿದ್ಯಾಲಯ, ಕ್ಯಾಥೆಡ್ರಲ್ ಎಲ್ಲವೂ ಎಡಕ್ಕೆ.

ಮೂರನೇ ದಿನ ದೋಣಿ. ಜೂ ಸ್ಟೇಷನ್‌ನಿಂದ ಎಸ್7 ರೈಲು ನೇರ ವಾನ್ಸೇಗೆ ಹೋಗುತ್ತದೆ. ಇಳಿದು ಐದು ನಿಮಿಷ ನಡೆದರೆ ಕೆರೆ. ಅಲ್ಲಿಂದ ಎಫ್10 ಅನ್ನುವ ಫೆರ್ರಿ ಗಂಟೆಗೊಂದು, ಕ್ಲಾಡೋ ಅನ್ನುವ ದಡಕ್ಕೆ 20 ನಿಮಿಷ. ಅದೇ ಎಬಿ ಟಿಕೆಟ್ ಸಾಕು, ಬೇರೆ ದುಡ್ಡು ಕೊಡಬೇಕಿಲ್ಲ. ಇದೇ ಕೆರೆಯಲ್ಲಿ ಸುತ್ತಾಡಿಸುವ ಬೇರೆ ದೋಣಿಗಳು ಚೆನ್ನಾಗೇ ದುಡ್ಡು ತಗೊಳ್ಳುತ್ತವೆ.

ಆಗಲೇ ಹೇಳಿದ ವೃತ್ತಾಕಾರದ ಹಳಿಯ ರಿಂಗ್ ರೈಲಿನಲ್ಲಿ ಒಂದು ಸುತ್ತು ಹೊಡೆಯಿರಿ ಅಂತ ಬೇರೆಯವರು ಹೇಳುತ್ತಾರೆ. 37 ಕಿಲೋಮೀಟರ್, ಒಂದು ಗಂಟೆ, ಹತ್ತಿದಲ್ಲೇ ಇಳಿಯಬಹುದು. ನಿಜ ಹೇಳಬೇಕೆಂದರೆ ನೋಡಲು ಜಾಸ್ತಿ ಏನೂ ಇಲ್ಲ. ಜೋರು ಮಳೆ ಬಂದರೆ ಮಾತ್ರ ಮಾಡಿ.

ಊಟಕ್ಕೆ ಕ್ರಾಯ್ಟ್ಸ್‌ಬರ್ಗ್. ಫಲಾಫೆಲ್ ಬೀದಿಗೊಂದು ಸಿಗುತ್ತದೆ. ಸಾಸ್ ಹಾಕುವ ಮೊದಲೇ ಮೊಟ್ಟೆ ಇದೆಯಾ ಅಂತ ಕೇಳಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಾಲು ಮೊಸರು ಬೇಕಾದರೆ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತದೆ.

ಹೇಮಾವತಿ_ತೀರ:

ಒಂದು ಮಾತು ಸೇರಿಸುತ್ತೇನೆ. ನನ್ನ ಅತ್ತೆಗೂ ಮಂಡಿ ನೋವು. ರೈಷ್ಟಾಗ್‌ನ ಗಾಜಿನ ಗುಮ್ಮಟ ಬಿಡಬೇಡಿ. ಛಾವಣಿವರೆಗೆ ಲಿಫ್ಟು, ಗುಮ್ಮಟದೊಳಗೆ ಮೆಟ್ಟಿಲಿಲ್ಲ, ಸುತ್ತಿ ಏರುವ ಇಳಿಜಾರು. ಉಚಿತ, ಆದರೆ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಕೊಡಬೇಕು. ಪಾಸ್‌ಪೋರ್ಟ್ ಮರೆಯಬೇಡಿ. ವಿಜಯಸ್ತಂಭದ ಮೇಲೆ ಮಾತ್ರ ಹತ್ತಿಸಬೇಡಿ, 285 ಮೆಟ್ಟಿಲು! ಊ-ಬಾನ್‌ಗಿಂತ ಬಸ್ಸು, ಟ್ರಾಮೇ ಅವರಿಗೆ ಹಿತ, ನೆಲದ ಮಟ್ಟದಲ್ಲೇ ಹತ್ತಬಹುದು. ಸ್ವಲ್ಪ ಚಿಲ್ಲರೆ ಜೇಬಿನಲ್ಲಿರಲಿ, ಕೆಲವು ಶೌಚಾಲಯಗಳಿಗೆ ಬೇಕಾಗಬಹುದು.

ಬೆಣ್ಣೆದೋಸೆ_ದಾವಣಗೆರೆ:

ಹೋಗಿ ಬಂದೆವು. ಎಲ್ಲರಿಗೂ ಥ್ಯಾಂಕ್ಸ್.

100 ನಂಬರಿನಲ್ಲಿ ಒಂದು ಸಲ ಅಲ್ಲ, ನಾಲ್ಕು ಸಲ ಹೋದೆವು. ಎರಡನೇ ಸಲಕ್ಕೆ ಅಪ್ಪ ಮೇಲಿನ ಮಹಡಿ ಬಿಟ್ಟು ಕೆಳಗೆ ಡ್ರೈವರ್ ಹಿಂದೆ ನಿಂತರು. ಕೊನೆಯ ಸ್ಟಾಪಿನಲ್ಲಿ ಕೈಯಲ್ಲೇ ಸ್ಟೀರಿಂಗ್ ತಿರುಗಿಸಿ ತೋರಿಸಿ, ನಾನೂ ನಿಮ್ಮ ಥರಾನೇ ಅಂದರು. ಆ ಡ್ರೈವರ್‌ಗೆ ಅರ್ಥವಾಯಿತು. ಎದ್ದು ನಿಂತು ಕೈ ಕುಲುಕಿದ. ಗೇಟಿನ ಮುಂದೆ ತೆಗೆದ ಫೋಟೊದಲ್ಲಿ ಅಪ್ಪ ನಕ್ಕಿಲ್ಲ, ಆ ಡ್ರೈವರ್ ಜೊತೆ ತೆಗೆದ ಫೋಟೊದಲ್ಲಿ ನಕ್ಕಿದ್ದಾರೆ.

ನಾರ್ಡ್‌ಬಾನ್‌ಹೋಫ್‌ನಲ್ಲಿ ಅಮ್ಮ ಫೋಟೊಗಳ ಮುಂದೆ ಜಾಸ್ತಿ ಹೊತ್ತು ನಿಂತರು. ಅಲ್ಲಿದ್ದ ಬೆಂಚಿನಲ್ಲಿ ಕೂರಿ ಅಂದರೂ ಕೂರಲಿಲ್ಲ. ಫೆರ್ರಿಯಲ್ಲಿ ಇದಕ್ಕೂ ಅದೇ ಟಿಕೆಟ್ಟಾ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಚಪಾತಿ ಡಬ್ಬಿ ಬಿಚ್ಚಿದರು.

ಮುದ್ರೆ ಹೊಡೆಸುವ ಕೆಲಸ ಅಪ್ಪನದೇ ಆಗಿತ್ತು, ನಮಗ್ಯಾರಿಗೂ ಮುಟ್ಟಲು ಬಿಡಲಿಲ್ಲ. ಮೂರೂ ದಿನದ ಒಂಬತ್ತು ಟಿಕೆಟ್ ಊರಿಗೆ ಒಯ್ದಿದ್ದಾರೆ. ಡಿಪೋದ ಹಳೆ ಗೆಳೆಯರಿಗೆ ತೋರಿಸಬೇಕಂತೆ, ಕಂಡಕ್ಟರೇ ಇಲ್ಲದ ಊರಿನಲ್ಲಿ ಟಿಕೆಟ್ ಹೇಗೆ ಹರಿಯುತ್ತಾರೆ ಅಂತ.